ಚಿಟ್ಟೆ ಹಾರುವ ಮೊದಲು

ಮುದ್ದೇನಹಳ್ಳಿಗೆ ಬರುವ ಪ್ರವಾಸಿಗರ ದಿನಚರಿ ಬಹುಮಟ್ಟಿಗೆ ಒಂದೇ. ನಸುಕಿನಲ್ಲಿ ನಂದಿಬೆಟ್ಟವನ್ನೇರಿ ಮಂಜು ನೋಡಿದವರು, ಬೆಂಗಳೂರಿಗೆ ಹಿಂದಿರುಗುವ ಮುನ್ನ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ಕಾಣುತ್ತಾರೆ. 1962ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡ ಆ ಹಿರಿಯರ ಸಮಾಧಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಜೊತೆಯಲ್ಲಿ ಬಂದ ಮಕ್ಕಳಿಗೆ ಶಿಸ್ತು, ಸಮಯಪಾಲನೆ ಮೊದಲಾದ ಸದ್ಗುಣಗಳನ್ನು ಕುರಿತು ಎರಡು ಮಾತು ಹೇಳಿ ಕಾರನ್ನೇರುತ್ತಾರೆ. ದಾರಿಯ ಬದಿಯಲ್ಲಿ ಸಾಲುಗಟ್ಟಿ ನಿಂತ ಹಿಪ್ಪುನೇರಳೆಯ ಗಿಡಗಳು ಅವರ ಕಣ್ಣಿಗೆ ಬೀಳುವುದು ಅಪರೂಪ. ಬಿದ್ದರೂ ಯಾವುದೋ ಸೊಪ್ಪಿನ ಬೆಳೆ ಎಂದುಕೊಂಡು ಮುಂದೆ ಸಾಗುವವರೇ ಹೆಚ್ಚು.

ಆದರೆ ಸಮಯಪಾಲನೆಯ ಪಾಠವನ್ನು ನಿಜವಾಗಿ ಕಲಿಯಬೇಕೆನ್ನುವವರು ಹಗಲಲ್ಲ, ರಾತ್ರಿಯ ಹೊತ್ತು ಈ ಸೀಮೆಗೆ ಬರಬೇಕು. ಆ ಸೊಪ್ಪಿನ ತೋಟದ ನಡುವಿನ ಹುಳುಮನೆಯೊಳಗೆ ಇಣುಕಬೇಕು. ಅಲ್ಲಿ ಮನೆಯ ಗಂಡಸರು, ಹೆಂಗಸರು, ಶಾಲೆಗೆ ಹೋಗುವ ಹುಡುಗರು ಕೂಡ ಚಂದ್ರಂಕಿಗಳ ಸುತ್ತ ಕುಳಿತು ರೇಷ್ಮೆಗೂಡನ್ನು ಒಂದೊಂದಾಗಿ ಬಿಡಿಸುತ್ತಿರುತ್ತಾರೆ. ಹೊರಗೆ ಒಂದು ಟೆಂಪೊ ಕಾದು ನಿಂತಿರುತ್ತದೆ. ಬೆಳಗಾಗುವುದರೊಳಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಸೇರಬೇಕು. ನಾಳೆ ಹೋದರಾಗದೆ? ಆದೀತು. ನಾಡಿದ್ದು? ಕಷ್ಟದಿಂದ ಆದೀತು. ವಾರ ಬಿಟ್ಟರೆ? ಆಗದು. ಏಕೆಂದರೆ ಪ್ರತಿಯೊಂದು ಗೂಡಿನೊಳಗೂ ಒಂದು ಗಡಿಯಾರ ನಡೆಯುತ್ತಿದೆ. ಅದಕ್ಕೆ ಕೀಲಿ ಕೊಟ್ಟವನು ರೈತನಲ್ಲ. ಅದನ್ನು ನಿಲ್ಲಿಸುವ ಶಕ್ತಿಯೂ ಅವನಿಗಿಲ್ಲ.

ದೊಡ್ಡ ದೊಡ್ಡ ಉದ್ಯಮಗಳ ಕಚೇರಿಗಳಲ್ಲಿ ಇಂದು ‘ಸರಬರಾಜು ಸರಪಣಿ’ ಎಂಬ ಮಾತು ಬಹಳವಾಗಿ ಕೇಳಿಬರುತ್ತದೆ. ಕಚ್ಚಾ ಸಾಮಗ್ರಿ ಹುಟ್ಟುವಲ್ಲಿಂದ ಸಿದ್ಧವಸ್ತು ಮನೆ ಸೇರುವವರೆಗಿನ ಕೊಂಡಿಗಳನ್ನು ಒಟ್ಟಾಗಿ ಕಂಡು, ಎಲ್ಲಿ ಎಷ್ಟು ಖರ್ಚು ಬೀಳುತ್ತದೆ, ಎಲ್ಲಿ ಎಷ್ಟು ಹೊತ್ತು ಹಾಳಾಗುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಅದನ್ನು ಕಲಿಸುವ ಕಾಲೇಜುಗಳೂ ಉಂಟು, ಅದರಲ್ಲಿ ಪಳಗಿ ಕೈತುಂಬ ಸಂಬಳ ಪಡೆಯುವವರೂ ಉಂಟು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ರೇಷ್ಮೆಯವರು ಆ ಪದವನ್ನು ಬಳಸುವುದಿಲ್ಲ. ಆದರೂ ಹುಳುಮನೆಯಿಂದ ಬನಾರಸಿನ ಮಗ್ಗದವರೆಗೆ ಅಂಥದೊಂದು ಸರಪಣಿಯನ್ನು ಅವರು ತಲೆಮಾರುಗಳಿಂದ ಎಳೆಯುತ್ತ ಬಂದಿದ್ದಾರೆ. ಅದರ ಯಾವ ಕೊಂಡಿ ಯಾರ ಕೊರಳಿಗೆ ಬಿಗಿಯುತ್ತದೆ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತು.

ಭಾರ ಇಳಿದಂತೆ ದಾರಿ ಉದ್ದ

ಮೊದಲು ತೂಕದ ಲೆಕ್ಕ. ರೇಷ್ಮೆ ಸೀಮೆಯಲ್ಲಿ ‘ನೂರು ಮೊಟ್ಟೆ’ ಎಂದರೆ ಮೊಟ್ಟೆಗಳ ಸಂಖ್ಯೆ ನೂರಲ್ಲ; ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ನೂರು ಗುಂಪುಗಳು. ಒಂದೊಂದು ಗುಂಪಿನಲ್ಲಿ ನಾನೂರರಿಂದ ಐನೂರು ಮೊಟ್ಟೆಗಳಿರುತ್ತವೆ. ಆ ನೂರು ಮೊಟ್ಟೆಯ ಹುಳುಗಳು ಒಂದು ತಿಂಗಳಿಗೆ ಕೆಲವು ದಿನ ಕಡಿಮೆಯಾಗುವಷ್ಟು ಕಾಲ ಬದುಕಿ, ನಾಲ್ಕು ಸಲ ‘ಜ್ವರ’ಕ್ಕೆ ಮಲಗಿ ಎದ್ದು, ಸುಮಾರು ಒಂದು ಟನ್ನು ಸೊಪ್ಪನ್ನು ತಿಂದು ಮುಗಿಸುತ್ತವೆ. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಮಂಕಾಗುವುದಕ್ಕೆ ರೈತರು ಇಟ್ಟ ಹೆಸರು. ಬೆಳೆ ಕೈಹತ್ತಿದರೆ ಆ ಒಂದು ಟನ್ನು ಸೊಪ್ಪು ಅರುವತ್ತು ಕಿಲೋವಿನ ಆಸುಪಾಸು ಗೂಡಾಗುತ್ತದೆ. ಏಳೆಂಟು ಕಿಲೋ ಗೂಡು ಬಿಚ್ಚಿದರೆ ಒಂದು ಕಿಲೋ ನೂಲು. ಎಂದರೆ ಅರುವತ್ತು ಕಿಲೋ ಗೂಡು ಎಂಟು ಕಿಲೋ ನೂಲಾಗಿ ಇಳಿಯಿತು. ಆ ನೂಲನ್ನು ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದಾಗ ಮತ್ತೆ ಕಾಲುಭಾಗದಷ್ಟು ಕರಗಿ ಹೋಗುತ್ತದೆ. ಉಳಿದುದು ಆರು ಕಿಲೋ. ಒಂದು ಟನ್ನಿನಿಂದ ಹೊರಟು ಆರು ಕಿಲೋಗೆ ಬಂದು ನಿಂತ ಈ ಸಾಮಗ್ರಿ ಹತ್ತು ಹನ್ನೆರಡು ಸೀರೆಗಳಿಗೆ ಸಾಕಾದೀತು.

ಈ ಇಳಿಯುವ ತೂಕದಲ್ಲಿಯೇ ಸೀಮೆಯ ಭೂಪಟ ಅಡಗಿದೆ. ಒಂದು ಟನ್ನು ಸೊಪ್ಪನ್ನು ಹೊತ್ತು ದೂರ ಹೋಗುವುದು ಸಾಧ್ಯವಿಲ್ಲ. ಜೊತೆಗೆ ಸೊಪ್ಪು ಬೇಗ ಬಾಡುತ್ತದೆ, ಬಾಡಿದ ಸೊಪ್ಪನ್ನು ಹುಳು ಮೂಸುವುದಿಲ್ಲ. ಆದುದರಿಂದ ಹುಳುಮನೆ ತೋಟದ ಅಂಚಿನಲ್ಲಿಯೇ ಇರಬೇಕು. ಗೂಡು ಅಷ್ಟು ಭಾರವಲ್ಲ, ಒಂದು ರಾತ್ರಿಯ ಪ್ರಯಾಣವನ್ನು ತಾಳುತ್ತದೆ. ಹೀಗಾಗಿ ಹತ್ತಾರು ಮೈಲಿಗೊಂದು ಮಾರುಕಟ್ಟೆ, ಅದರ ಸುತ್ತಮುತ್ತಲೇ ನೂಲು ಬಿಚ್ಚುವ ಮನೆಗಳು. ಶಿಡ್ಲಘಟ್ಟದ ಓಣಿಗಳಲ್ಲಿ ಗೂಡು ಬೇಯುವ ವಾಸನೆ ಗಾಳಿಯಲ್ಲಿ ಬೆರೆತಿರುವುದು ಇದೇ ಕಾರಣದಿಂದ. ನೂಲಾದ ಮೇಲೆ ಮಾತ್ರ ರೇಷ್ಮೆಗೆ ರೆಕ್ಕೆ ಬರುತ್ತದೆ. ಬೆಂಗಳೂರು, ಧರ್ಮಾವರ, ಕಾಂಚೀಪುರ, ಸೇಲಂ, ಬನಾರಸು, ಎಲ್ಲಿಗೆ ಬೇಕಾದರೂ ಅದು ಹೋದೀತು. ಬೆಲೆಯ ಮುಂದೆ ಬಾಡಿಗೆ ಲೆಕ್ಕಕ್ಕೇ ಬಾರದು.

ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೇಬರ್ ಎಂಬಾತ 1909ರಲ್ಲಿ ಕೈಗಾರಿಕೆಗಳು ನೆಲೆಗೊಳ್ಳುವ ಬಗೆಯನ್ನು ಕುರಿತು ಒಂದು ಗ್ರಂಥವನ್ನು ಬರೆದ. ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಸಾಮಗ್ರಿಯನ್ನು ಆಶ್ರಯಿಸಿದ ಉದ್ಯಮವು ಸಾಮಗ್ರಿ ಸಿಗುವಲ್ಲಿಗೆ ಎಳೆಯಲ್ಪಡುತ್ತದೆ ಎಂಬುದು ಅವನ ಸಿದ್ಧಾಂತದ ಒಂದು ಮುಖ್ಯ ಅಂಶ. ವೇಬರನ ಹೆಸರನ್ನು ಕೇಳದೆಯೇ ಶಿಡ್ಲಘಟ್ಟ ಅವನ ಮಾತನ್ನು ನಡೆಸಿಕೊಟ್ಟಿದೆ.

ಗೂಡಿನೊಳಗಿನ ಗಡಿಯಾರ

ತೂಕದ ಲೆಕ್ಕ ಇಷ್ಟು ಸರಳ. ಕಾಲದ ಲೆಕ್ಕ ಹಾಗಲ್ಲ, ಸಂಕಟವಿರುವುದು ಅಲ್ಲಿ.

ಹುಳು ಹಣ್ಣಾಗಿ ಚಂದ್ರಂಕಿಯನ್ನೇರಿದ ಮೇಲೆ ಎರಡು ಮೂರು ದಿನ ಬಿಡುವಿಲ್ಲದೆ ನೂಲನ್ನು ಉಗುಳಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಳಗೆ ಅದು ರೂಪ ಬದಲಿಸಿ ಕೋಶವಾಗುತ್ತದೆ. ಕೋಶದ ಚರ್ಮ ಮೊದಮೊದಲು ಬಲು ಮೆದು. ಆತುರಪಟ್ಟು ಮೂರನೆಯ ದಿನವೋ ನಾಲ್ಕನೆಯ ದಿನವೋ ಗೂಡು ಬಿಡಿಸಿದರೆ ಚರ್ಮ ಒಡೆದು, ರಸ ಸೋರಿ, ಗೂಡು ಒಳಗಿನಿಂದ ಕಲೆಗಟ್ಟುತ್ತದೆ. ಆದುದರಿಂದ ಮಿಶ್ರತಳಿಯ ಹಳದಿ ಗೂಡನ್ನು ಐದಾರನೆಯ ದಿನ, ದ್ವಿತಳಿಯ ಬಿಳಿ ಗೂಡನ್ನು ಏಳೆಂಟನೆಯ ದಿನ ಬಿಡಿಸುವುದು ವಾಡಿಕೆ. ಇತ್ತ ತಡಮಾಡಿದರೂ ಕೇಡು. ಹನ್ನೆರಡು ದಿನಗಳ ಆಸುಪಾಸಿನಲ್ಲಿ ಕೋಶವು ಚಿಟ್ಟೆಯಾಗಿ, ಬಾಯಿಂದ ಒಂದು ರಸವನ್ನು ಸುರಿಸಿ, ಗೂಡಿನ ತುದಿಯನ್ನು ತೂತು ಮಾಡಿಕೊಂಡು ಹೊರಬರುತ್ತದೆ. ದ್ವಿತಳಿ ಗೂಡೊಂದರಲ್ಲಿ ಕಡಿಯದೆ ಸುತ್ತಿಕೊಂಡಿರುವ ಎಳೆಯ ಉದ್ದ ಸುಮಾರು ಒಂದು ಸಾವಿರ ಮೀಟರು. ಚಿಟ್ಟೆಯೊಂದು ಹಾರಿದರೆ ಆ ಸಾವಿರ ಮೀಟರು ನೂರಾರು ತುಂಡಾದಂತೆ. ಬಳಿಕ ಅದು ಹಿಂಜಿ ನೂಲುವ ಕೆಲಸಕ್ಕಲ್ಲದೆ ಬೇರಾವುದಕ್ಕೂ ಒದಗದು.

ಇವೆರಡರ ನಡುವೆ ರೈತನಿಗೆ ದೊರೆಯುವ ಬಿಡುವು ನಾಲ್ಕೈದು ದಿನಗಳದು. ಅದರಲ್ಲಿಯೂ ದಿನ ಕಳೆದಂತೆ ಗೂಡು ಆರಿ ತೂಕ ಇಳಿಯುತ್ತ ಹೋಗುತ್ತದೆ. ಹಸಿ ಗೂಡಿನ ತೂಕದಲ್ಲಿ ನೂರಕ್ಕೆ ಎಂಬತ್ತರಷ್ಟು ಕೋಶದ್ದೇ ಅಷ್ಟೆ. ಆ ಕೋಶದ ಹೆಚ್ಚಿನ ಭಾಗ ನೀರು. ರೈತ ಮಾರುವುದು ರೇಷ್ಮೆಯನ್ನು, ತೂಗಿಸುವುದು ನೀರನ್ನು.

ಮಾರುಕಟ್ಟೆಯ ಪ್ರಾಂಗಣದಲ್ಲಿ ಇಂಥ ಸಂಭಾಷಣೆಗಳು ದಿನವೂ ಕಿವಿಗೆ ಬೀಳುತ್ತವೆ. ಕನ್ನಡ, ತೆಲುಗು, ಉರ್ದು ಮೂರೂ ಅಲ್ಲಿ ಒಂದೇ ಮಾತಿನಲ್ಲಿ ಬೆರೆಯುವುದುಂಟು.

“ಸಾಬ್ರೇ, ಇನ್ನೊಂದ್ ಹತ್ತು ರೂಪಾಯಿ ಏರ್ಸಿ. ಗೂಡು ಮುಟ್ಟಿ ನೋಡಿ, ಕಲ್ಲಿದ್ದಂಗೈತೆ.”

“ಗೂಡು ಚೆನ್ನಾಗೇ ಐತೆ ಗೌಡ್ರೇ, ನಾನಿಲ್ಲ ಅಂದ್ನಾ? ನಿನ್ನೆ ನೂಲು ಏನು ರೇಟಿಗೆ ಹೋಯ್ತು ಅಂತ ಕೇಳಿದ್ರೆ ನೀವೇ ಸುಮ್ನಾಗ್ತೀರ.”

“ಹಂಗಾದ್ರೆ ವಾಪಸ್ ತಗೊಂಡೋಗ್ತೀನಿ ಬಿಡಿ.”

“ತಗೊಂಡೋಗಿ ಎಲ್ಲಿಡ್ತೀರ?”

ಕೊನೆಯ ಪ್ರಶ್ನೆಗೆ ಗೌಡರಲ್ಲಿ ಉತ್ತರವಿಲ್ಲ. ಕೂಗಿದ ಬೆಲೆಯನ್ನು ಒಪ್ಪದಿರುವ ಹಕ್ಕು ಅವರಿಗೆ ಉಂಟು. ಆದರೆ ಟೆಂಪೊ ಬಾಡಿಗೆಯನ್ನು ಮತ್ತೆ ತೆತ್ತು, ತೂಕವನ್ನೂ ಕಳೆದುಕೊಂಡು, ನಾಳೆಯ ಧಾರಣೆ ಇಂದಿಗಿಂತ ಮೇಲಿದ್ದೀತು ಎಂಬ ಭರವಸೆಯಿಲ್ಲದೆ ಗೂಡನ್ನು ಮನೆಗೆ ಒಯ್ಯುವ ಹಕ್ಕು ಅದು. ಅಂಥ ಹಕ್ಕನ್ನು ಚಲಾಯಿಸುವವರು ವಿರಳ.

ಹಾಗೆಂದು ಎದುರಿಗೆ ನಿಂತ ರೀಲರನ್ನು ಖಳನಾಯಕನೆಂದು ಭಾವಿಸಿದರೆ ತಪ್ಪಾದೀತು. ನೂಲು ತಯಾರಿಕೆಯ ಖರ್ಚಿನಲ್ಲಿ ಗೂಡಿನ ಪಾಲೇ ನೂರಕ್ಕೆ ಎಂಬತ್ತರ ಸುತ್ತಮುತ್ತ. ಉಳಿದುದರಲ್ಲಿ ಕೂಲಿ, ಸೌದೆ, ವಿದ್ಯುತ್ತು, ಬಡ್ಡಿ. ಕಾವೇರಿಯಂಥ ಹೊಳೆಯಿಲ್ಲದ ಈ ಬಯಲುಸೀಮೆಯಲ್ಲಿ ನೀರೂ ಒಂದು ಖರ್ಚೇ. ಆಳದ ಕೊಳವೆಬಾವಿಯ ಗಡಸು ನೀರಿನಲ್ಲಿ ಬಿಚ್ಚಿದ ನೂಲಿಗೆ ಮೆದು ನೀರಿನ ನೂಲಿನ ಹೊಳಪು ಬಾರದು. ಗೂಡಿಗೆ ಅವನು ಅಂದೇ ಹಣ ಕಟ್ಟಬೇಕು. ಕೊಂಡ ಗೂಡನ್ನು ಆವಿಯಲ್ಲಿಯೋ ಬಿಸಿಗಾಳಿಯಲ್ಲಿಯೋ ಇಟ್ಟು ಕೋಶವನ್ನು ಸಾಯಿಸಿ, ಎರಡು ಮೂರು ದಿನಗಳಲ್ಲಿ ಬಿಚ್ಚಿ, ನೂಲನ್ನು ಮಾರಿ, ಬಂದ ಹಣದಿಂದಲೇ ಮುಂದಿನ ಗೂಡು ಕೊಳ್ಳಬೇಕು. ಈ ಚಕ್ರ ಒಂದು ದಿನ ನಿಂತರೆ ಚರಕದ ಮುಂದೆ ಕುಳಿತ ಕೂಲಿಯವರ ಒಲೆಯೂ ನಿಂತಂತೆ. ಗೂಡಿನ ಧಾರಣೆ ಏರಿದ ದಿನವೇ ನೂಲಿನ ಧಾರಣೆ ಬೀಳುವುದು ಹೊಸದೇನೂ ಅಲ್ಲ. ಕೋಶವನ್ನು ಎಣ್ಣೆಗೆ, ಮೀನಿನ ಮೇವಿಗೆ ಮಾರಿ, ಸಿಕ್ಕುಬಿದ್ದ ‘ಜೂಟು’ ರೇಷ್ಮೆಯನ್ನು ಮಾರಿ, ಅದರಿಂದ ಬಂದ ನಾಲ್ಕು ಕಾಸಿನಲ್ಲಿಯೇ ಆ ವಾರದ ಲಾಭ ನಿಂತಿರುವ ಸಂದರ್ಭಗಳೂ ಉಂಟು.

ಹೀಗೆ ಕಾಯಲಾರದವನೊಬ್ಬ ಕಾಯಲಾರದ ಮತ್ತೊಬ್ಬನಿಗೆ ಮಾರುವ ವ್ಯಾಪಾರ ಇದು. ಇಬ್ಬರ ಮೇಲೂ ಕಾಯಬಲ್ಲವರು ಇದ್ದಾರೆ. ನೂಲನ್ನು ಕೊಂಡು ಗೋದಾಮಿನಲ್ಲಿಡುವ ವರ್ತಕನಿಗೆ ಚಿಟ್ಟೆಯ ಭಯವಿಲ್ಲ; ಮದುವೆಯ ಕಾಲಕ್ಕೆ ಧಾರಣೆ ಏರುವವರೆಗೆ ಅವನು ಕಾದಾನು. ಸಾಗಣೆಯ ವೆಚ್ಚವೆಂದರೆ ಲಾರಿಯ ಬಾಡಿಗೆ ಎಂದು ಸಾಮಾನ್ಯರು ತಿಳಿಯುವುದು ಸಹಜ. ಈ ಕಸಬಿನಲ್ಲಿ ಬಾಡಿಗೆ ಚಿಲ್ಲರೆ. ಕಾಯಲಾರದವನು ತೆರುವ ದಂಡವೇ ದೊಡ್ಡ ಗಂಟು. ಅದು ಯಾವ ರಸೀತಿಯಲ್ಲಿಯೂ ಬರೆದಿರುವುದಿಲ್ಲ.

ರೈಲು ಬಂತು, ಕಟ್ಟಳೆ ಬಂತು

ಮೈಸೂರು ಸೀಮೆಗೆ ರೇಷ್ಮೆ ಬೇರೂರಿದುದು ಟಿಪ್ಪೂಸುಲ್ತಾನನ ಕಾಲದಲ್ಲಿ. ಅದಕ್ಕೆ ಸರಕಾರದ ವಿಜ್ಞಾನ ಸೇರಿದುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಇಟಲಿಯ ತಜ್ಞನೊಬ್ಬನ ಸಲಹೆ ಪಡೆದು ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ತೆರೆಯಲಾಯಿತು. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಪೋಣಿಸಿಕೊಂಡು ಬೆಂಗಳೂರಿನವರೆಗೆ ಎರಡೂವರೆ ಅಡಿ ಅಗಲದ ಪುಟ್ಟ ರೈಲುಹಾದಿ ಹಾಸಿದುದೂ ಆ ವರ್ಷಗಳಲ್ಲಿಯೇ. ದಿವಾನರ ತವರಿನ ಆ ಹಾದಿಯನ್ನು ನೋಡಿ ಸೀಮೆಯ ವ್ಯಾಪಾರಕ್ಕೆ ಇನ್ನು ತಡೆಯಿಲ್ಲವೆಂದು ಹಲವರು ಹಿಗ್ಗಿದ್ದರೆ ಆಶ್ಚರ್ಯವಿಲ್ಲ. ಆದರೆ ರೈಲಿಗೆ ತನ್ನದೇ ವೇಳಾಪಟ್ಟಿ, ಚಿಟ್ಟೆಗೆ ತನ್ನದೇ ವೇಳಾಪಟ್ಟಿ. ಹುಳುಮನೆಯ ಬಾಗಿಲಿಗೆ ರೈಲು ಬಾರದು. ಆ ಪುಟ್ಟ ಹಾದಿ ದೊಡ್ಡ ಗೇಜಾಗಿ 2013ರಲ್ಲಿ ಮತ್ತೆ ರೈಲು ಕಂಡಿತು. ಗೂಡು ಮಾತ್ರ ಇಂದಿಗೂ ಟೆಂಪೊ, ಆಟೋ, ಬಸ್ಸುಗಳನ್ನೇ ನಂಬಿದೆ.

ಹಳೆಯ ಕಾಲದಲ್ಲಿ ದಲ್ಲಾಳಿಯೇ ಹಳ್ಳಿಗೆ ಬರುತ್ತಿದ್ದ. ಬಾಡಿಗೆಯ ಚಿಂತೆ ರೈತನಿಗಿರಲಿಲ್ಲ, ನಿಜ. ಆದರೆ ತಕ್ಕಡಿಯೂ ದಲ್ಲಾಳಿಯದೇ, ಬೆಲೆಯೂ ದಲ್ಲಾಳಿಯದೇ, ಹಣ ಕೊಡುವ ದಿನವನ್ನು ಗೊತ್ತುಮಾಡುವವನೂ ದಲ್ಲಾಳಿಯೇ. ಮೊಟ್ಟೆ, ಗೂಡುಗಳ ಉತ್ಪಾದನೆ ಮತ್ತು ಮಾರಾಟವನ್ನು ಕ್ರಮಕ್ಕೆ ತರುವ ಕಾಯಿದೆಯನ್ನು ಮೈಸೂರು ರಾಜ್ಯ 1959ರಲ್ಲಿ ಮಾಡಿತು. ಮುಂದೆ ಸರಕಾರದ ಮಾರುಕಟ್ಟೆಗಳಲ್ಲಿಯೇ ಗೂಡಿನ ಹರಾಜು ನಡೆಯಬೇಕೆಂಬ ಕಟ್ಟಳೆ ಬಂತು. ನೂಲಿನ ಧಾರಣೆ ಪಾತಾಳಕ್ಕೆ ಇಳಿದಾಗ ತಾನು ಕೊಂಡು ನಿಲ್ಲಿಸಲೆಂದು 1979ರಲ್ಲಿ ರಾಜ್ಯವೇ ಒಂದು ರೇಷ್ಮೆ ಮಾರಾಟ ಮಂಡಳಿಯನ್ನು ಕಟ್ಟಿತು. ಕಾಯಲಾರದವರ ಪರವಾಗಿ ಕಾಯುವ ಒಬ್ಬ ಹಿರಿಯಣ್ಣನನ್ನು ನೇಮಿಸಿದಂತೆ. ಹಿರಿಯಣ್ಣನ ಕಿಸೆಯಲ್ಲಿ ಹಣವಿದ್ದಾಗ ಉಪಾಯ ಫಲಿಸುತ್ತದೆ. ಈಗ ರಾಮನಗರ, ಶಿಡ್ಲಘಟ್ಟಗಳಂಥ ದೊಡ್ಡ ಮಾರುಕಟ್ಟೆಗಳಲ್ಲಿ ವಿದ್ಯುನ್ಮಾನ ತಕ್ಕಡಿ ತೂಕವನ್ನು ಹೇಳುತ್ತದೆ, ರೀಲರುಗಳು ಮೊಬೈಲ್ ಫೋನಿನಲ್ಲಿಯೇ ಬೆಲೆ ಕೂಗುತ್ತಾರೆ. ತಕ್ಕಡಿಯ ಮೋಸ ಬಹಳಷ್ಟು ಅಳಿಯಿತು. ಇದು ಸಣ್ಣ ಗೆಲುವಲ್ಲ. ಆದರೆ ಗೂಡಿನೊಳಗಿನ ಗಡಿಯಾರವನ್ನು ಯಾವ ಕಾಯಿದೆಯೂ ಯಾವ ಯಂತ್ರವೂ ಹಿಂದಕ್ಕೆ ತಿರುಗಿಸಿಲ್ಲ.

ಬಾಡಿಗೆಯ ಉಳಿತಾಯವೂ ಕೆಲವೊಮ್ಮೆ ಕೈ ಕಚ್ಚುತ್ತದೆ. ಗೂಡು ಸಾಗಿಸಲು ಗಾಳಿಯಾಡುವ ಜಾಲರಿಯ ಚೀಲ ಬೇಕು, ಇಲ್ಲವೆ ತೂತುಗಳಿರುವ ಬುಟ್ಟಿ ಬೇಕು, ಸಡಿಲವಾಗಿ ತುಂಬಬೇಕು, ಬಿಸಿಲೇರುವ ಮುನ್ನ ಹೊರಡಬೇಕು. ಅರುವತ್ತು ಕಿಲೋ ಗೂಡನ್ನು ಎರಡೇ ಮೂಟೆಗಳಲ್ಲಿ ಒತ್ತಿ ತುಂಬಿ, ಮೇಲೊಂದು ಮೂಟೆ ಹೇರಿದರೆ ಇನ್ನೂರು ರೂಪಾಯಿ ಬಾಡಿಗೆ ಉಳಿದೀತು. ಆದರೆ ಗೂಡಿನೊಳಗಿರುವುದು ಜೀವ; ಅದು ಉಸಿರಾಡುತ್ತದೆ, ಬೆವರುತ್ತದೆ. ಒತ್ತಿದ ಮೂಟೆಯೊಳಗೆ ಸೆಖೆಯೇರಿ, ತೇವ ಕೂಡಿ, ಕೋಶಗಳು ಒಡೆದು, ಬಿಚ್ಚುವಾಗ ಎಳೆ ಮೇಲಿಂದ ಮೇಲೆ ಕಡಿಯುತ್ತದೆ. ರೀಲರು ಮುಷ್ಟಿ ಗೂಡನ್ನು ಕಿವಿಯ ಬಳಿ ಅಲುಗಾಡಿಸಿಯೇ ಅದನ್ನು ಅರಿಯುತ್ತಾನೆ. ಕಿಲೋಗೆ ಇಪ್ಪತ್ತು ರೂಪಾಯಿ ಇಳಿಸಿದನೆಂದರೆ ಅರುವತ್ತು ಕಿಲೋಗೆ ಸಾವಿರದ ಇನ್ನೂರು ಹೋಯಿತು. ಇನ್ನೂರು ಉಳಿಸಿ ಸಾವಿರದ ಇನ್ನೂರು ಕಳೆಯುವ ಈ ಜಾಣತನವನ್ನು ರೈತರಷ್ಟೇ ಮಾಡುತ್ತಾರೆಂದು ತಿಳಿಯಬೇಕಾದುದಿಲ್ಲ. ದೊಡ್ಡ ಕಂಪೆನಿಗಳ ಲೆಕ್ಕಪತ್ರಗಳಲ್ಲಿಯೂ ಇಂಥ ಉಳಿತಾಯಗಳು ಹೆಮ್ಮೆಯಿಂದ ಕುಳಿತಿರುತ್ತವೆ.

ದಾರಿ ಕರೆಯದ ಅತಿಥಿಯನ್ನೂ ತರುತ್ತದೆ. 1980ರವರೆಗೆ ಕರ್ನಾಟಕದ ಹುಳುಮನೆಗಳಿಗೆ ಊಜಿ ನೊಣದ ಪರಿಚಯವಿರಲಿಲ್ಲ. ಆ ವರ್ಷ ಪಶ್ಚಿಮ ಬಂಗಾಳದಿಂದ ಬಂದ ಜೀವಂತ ಗೂಡುಗಳ ಜೊತೆ ಅದು ಇಲ್ಲಿಗೆ ಇಳಿಯಿತು. ಹುಳುವಿನ ಮೈಮೇಲೆ ಈ ನೊಣ ಮೊಟ್ಟೆಯಿಡುತ್ತದೆ. ಮರಿ ಹುಳುವಿನೊಳಗೆ ಹೊಕ್ಕು ಅದನ್ನು ತಿಂದು, ಗೂಡು ಕಟ್ಟಿದ ಮೇಲೂ ಬಿಡದೆ ತೂತು ಕೊರೆದು ಹೊರಬರುತ್ತದೆ. ಒಂದು ಸಲದ ಆ ಸಾಗಣೆಯ ಬಾಡಿಗೆ ಎಷ್ಟಿತ್ತೋ. ಅದರ ಬೆಲೆಯನ್ನು ಮಾತ್ರ ಹುಳುಮನೆಗಳು ಅಂದಿನಿಂದ ಇಂದಿನವರೆಗೂ ತೆರುತ್ತಲೇ ಇವೆ. ಇಂದು ಪ್ರತಿ ಹುಳುಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಬಿಗಿದಿರುವುದನ್ನು ಕಂಡವರು ಅದರ ಹಿಂದೆ ಬಂಗಾಳದಿಂದ ಬಂದ ಒಂದು ಹೊರೆಯಿದೆ ಎಂದು ನೆನೆಯಬಹುದು.

ಗಂಟೆಯ ಲೆಕ್ಕದ ವಿಮೆ

ನೂಲಾದ ಮೇಲೆ ರೇಷ್ಮೆಗೆ ಅವಸರವಿಲ್ಲವೆಂದು ಮೇಲೆ ಹೇಳಿದುದು ಚಿಟ್ಟೆಯ ಮಟ್ಟಿಗೆ ಸತ್ಯ, ಹಣದ ಮಟ್ಟಿಗೆ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಪಾನಿನ ಯೊಕೊಹಾಮದಿಂದ ಹೊರಟ ಕಚ್ಚಾ ರೇಷ್ಮೆ ಹಡಗಿನಲ್ಲಿ ಶಾಂತಸಾಗರವನ್ನು ದಾಟಿ ವ್ಯಾಂಕೂವರ್, ಸಿಯಾಟಲ್ ರೇವುಗಳಲ್ಲಿ ಇಳಿಯುತ್ತಿತ್ತು. ಅಲ್ಲಿ ಅದಕ್ಕಾಗಿಯೇ ‘ರೇಷ್ಮೆ ರೈಲು’ಗಳು ಸಿದ್ಧವಾಗಿರುತ್ತಿದ್ದವು. ಹಡಗಿನಿಂದ ಇಳಿದ ಮೂಟೆಗಳನ್ನು ನೋಡನೋಡುತ್ತಿರುವಂತೆ ತುಂಬಿಕೊಂಡು ನ್ಯೂಯಾರ್ಕಿನ ಕಡೆಗೆ ಖಂಡವನ್ನೇ ಅಡ್ಡ ಸೀಳಿ ಓಡುವ ರೈಲುಗಳು ಅವು. ಪ್ರಯಾಣಿಕರ ಗಾಡಿಗಳೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗಿತ್ತು. ಏಕೆ ಇಷ್ಟು ಧಾವಂತ? ಮೂಟೆಗಳ ಬೆಲೆ ಅಷ್ಟು ದೊಡ್ಡದು. ವಿಮೆಯ ಕಂತನ್ನು ಗಂಟೆಯ ಲೆಕ್ಕದಲ್ಲಿ ವಸೂಲು ಮಾಡುತ್ತಿದ್ದರು. ಪೇಟೆಯ ಧಾರಣೆ ದಾರಿಯಲ್ಲಿಯೇ ಬಿದ್ದುಹೋಗುವ ಅಪಾಯವೂ ಇತ್ತು. 1930ರ ದಶಕದಲ್ಲಿ ಆರ್ಥಿಕ ಮುಗ್ಗಟ್ಟು ಬಂದು, ಕೃತಕ ರೇಷ್ಮೆ ಹಬ್ಬಿ, ರೇಷ್ಮೆಯ ಬೆಲೆ ಕುಸಿದಾಗ ಆ ಧಾವಂತಕ್ಕೆ ಅರ್ಥವುಳಿಯಲಿಲ್ಲ. ಪನಾಮಾ ಕಾಲುವೆಯ ಮೂಲಕ ನಿಧಾನವಾಗಿ, ಅಗ್ಗವಾಗಿ ಹೋಗುವ ಹಡಗೇ ಸಾಕಾಯಿತು. ಸರಕು ಅದೇ, ದೂರ ಅದೇ. ಬೆಲೆ ಇಳಿದೊಡನೆ ವೇಗ ದುಂದುಗಾರಿಕೆಯಾಯಿತು.

ಈ ದೂರದ ಕತೆಗೂ ಶಿಡ್ಲಘಟ್ಟಕ್ಕೂ ನಂಟಿದೆ. ಬನಾರಸಿನ ನೇಕಾರನಿಗೆ ಶಿಡ್ಲಘಟ್ಟ ಒಂದೇ ಮೂಲವಲ್ಲ. ಸಮುದ್ರ ದಾಟಿ ಚೀನಾದ ನೂಲು ಬರುತ್ತದೆ. ಯಂತ್ರಮಗ್ಗದ ವೇಗಕ್ಕೆ ಒಂದೇ ದಪ್ಪದ, ನಡುವೆ ಕಡಿಯದ ನೂಲು ಬೇಕು. ಹಾಸಿಗೆ ಅಂಥದು ಚೀನಾದಿಂದ, ಹೊಕ್ಕಿಗೆ ಚರಕದ ನೂಲು ನಮ್ಮಿಂದ ಎಂಬಂಥ ಹಂಚಿಕೆ ಎಷ್ಟೋ ಕಡೆ ನಡೆದುಬಂದಿದೆ. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ ಒಮ್ಮೆಗೇ 5ಕ್ಕೆ ಇಳಿಯಿತು. ದೆಹಲಿಯಲ್ಲಿ ಒಂದು ಸಾಲು ಓದಿದುದರ ಸದ್ದು ರೇಷ್ಮೆ ಸೀಮೆಯ ಹರಾಜು ಕಟ್ಟೆಯವರೆಗೂ ಕೇಳಿಸಿತು. ಗೂಡಿನ ಧಾರಣೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಲಾಯಿತು. ನೇಕಾರನಿಗೆ ನೂಲು ಅಗ್ಗವಾಗಬೇಕೆಂಬುದೂ ನ್ಯಾಯವೇ. ಆದರೆ ಹಿಪ್ಪುನೇರಳೆ ಗಿಡವನ್ನು ಒಮ್ಮೆ ಕಿತ್ತ ರೈತ, ಧಾರಣೆ ಏರಿತೆಂದು ಮರುದಿನವೇ ಅದನ್ನು ನೆಟ್ಟು ಸೊಪ್ಪು ಕೊಯ್ಯಲಾರ. ಸರಪಣಿಯ ಒಂದು ತುದಿಯಲ್ಲಿ ನಿರ್ಧಾರಕ್ಕೆ ಒಂದು ದಿನ ಸಾಕು. ಇನ್ನೊಂದು ತುದಿ ಅದಕ್ಕೆ ಹೊಂದಿಕೊಳ್ಳಲು ವರ್ಷಗಳು ಬೇಕು. 2020ರಲ್ಲಿ ಸಾಂಕ್ರಾಮಿಕದ ಕಾರಣ ದೇಶ ಬಾಗಿಲು ಹಾಕಿದಾಗ ಮದುವೆಗಳು ನಿಂತವು, ಮಗ್ಗಗಳು ನಿಂತವು. ಹುಳು ಮಾತ್ರ ತನ್ನ ಲೆಕ್ಕಕ್ಕೆ ಸರಿಯಾಗಿ ಹಣ್ಣಾಯಿತು, ಗೂಡು ಕಟ್ಟಿತು.

ಉಪಾಯವಿಲ್ಲವೆ? ಉಂಟು. ಬಿಸಿಗಾಳಿಯ ಒಲೆಯಲ್ಲಿ ಗೂಡನ್ನು ಚೆನ್ನಾಗಿ ಒಣಗಿಸಿದರೆ ಕೋಶ ಸತ್ತು, ನೀರಾರಿ, ತೂಕ ಅರ್ಧಕ್ಕೂ ಕೆಳಗಿಳಿದು, ಗೂಡು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಜಪಾನು, ಚೀನಾಗಳಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿ ಬೆಳೆಯ ಕಾಲ ವರ್ಷದ ಕೆಲವೇ ತಿಂಗಳು. ಚಳಿಯಲ್ಲಿ ಗಿಡ ಎಲೆಯುದುರಿಸಿ ನಿಲ್ಲುತ್ತದೆ. ಒಣಗಿಸಿ ಇಡದಿದ್ದರೆ ಕಾರ್ಖಾನೆಗೆ ಉಳಿದ ತಿಂಗಳುಗಳಲ್ಲಿ ಕೆಲಸವಿಲ್ಲ. ನಮ್ಮಲ್ಲಿ ವರ್ಷವಿಡೀ ಸೊಪ್ಪು, ವರ್ಷವಿಡೀ ಗೂಡು. ನಿತ್ಯ ಕೊಂಡು ನಿತ್ಯ ಬಿಚ್ಚುವ ರೂಢಿ ಬೆಳೆದುದು ಅದರಿಂದಲೇ. ಪ್ರಕೃತಿಯ ಕೃಪೆಯೇ ಇಲ್ಲಿ ಕೂಡಿಡುವ ಅಭ್ಯಾಸವನ್ನು ತಪ್ಪಿಸಿತೆನ್ನಬೇಕು. ಮೇಲಾಗಿ ಒಣಗಿಸುವ ಒಲೆಗೆ ಬಂಡವಾಳ ಬೇಕು, ಇಡಲು ಇಲಿ, ತೇವಗಳು ಸೋಕದ ಗೋದಾಮು ಬೇಕು, ಇಟ್ಟಷ್ಟು ದಿನದ ಬಡ್ಡಿಯನ್ನು ಹೊರುವವರು ಬೇಕು. ಮಿಶ್ರತಳಿಯ ಹಳದಿ ಗೂಡು ಹೆಚ್ಚು ಒಣಗಿದರೆ ಎಳೆ ಸಲೀಸಾಗಿ ಬಿಚ್ಚಿಕೊಳ್ಳುವುದೂ ಇಲ್ಲ.

ಆದರೂ ಗಾಳಿ ಆ ದಿಕ್ಕಿಗೆ ಬೀಸುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ತಲೆಯೆತ್ತಿರುವ ಸ್ವಯಂಚಾಲಿತ ಯಂತ್ರಗಳ ನೂಲು ಘಟಕಗಳು ದ್ವಿತಳಿಯ ಬಿಳಿ ಗೂಡನ್ನೇ ಕೇಳುತ್ತವೆ. ಒಂದೇ ಬಗೆಯದನ್ನು ರಾಶಿಗಟ್ಟಲೆ ಕೇಳುತ್ತವೆ. ಒಣಗಿಸಿ ದಾಸ್ತಾನು ಮಾಡಿಕೊಳ್ಳುತ್ತವೆ. ಇಂಥ ಕೊಳ್ಳುವವರಿಂದ ಬಿಳಿ ಗೂಡಿನ ರೈತನಿಗೆ ಲಾಭವೇ. ಚರಕ, ಕಾಟೇಜ್ ಬೇಸಿನ್ನುಗಳ ಮುಂದೆ ಕುಳಿತ ಸಣ್ಣ ರೀಲರನಿಗೆ, ಅವನಲ್ಲಿ ಗೂಡು ಬೇಯಿಸುವ, ಎಳೆ ಹಿಡಿಯುವ ಹೆಂಗಸರಿಗೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ದಾಸ್ತಾನು ಮಾಡಬಲ್ಲ ದೊಡ್ಡವನೊಬ್ಬ ಮಾರುಕಟ್ಟೆಗೆ ಬಂದರೆ, ಕಾಯಲಾರದ ಸಣ್ಣವನು ಹರಾಜಿನಲ್ಲಿ ಅವನ ಎದುರು ಎಷ್ಟು ದಿನ ನಿಂತಾನು? ಸಣ್ಣ ರೀಲರುಗಳೇ ಕೂಡಿ ಒಂದು ಒಲೆ, ಒಂದು ಗೋದಾಮು ನಡೆಸುವಂತಾದರೆ, ಅದಕ್ಕೆ ಸುಲಭ ಬಡ್ಡಿಯ ಸಾಲ ದೊರೆತರೆ, ಚಿತ್ರ ಬದಲಾದೀತು. ಹುಳುವಿನ ಎಳೆತನದಲ್ಲಿ ಇಂಥ ಕೂಡುಬಾಳು ಈಗಾಗಲೇ ನಡೆಯುತ್ತಿದೆ: ಮೊಟ್ಟೆಯೊಡೆದು ಎರಡು ಜ್ವರ ಏಳುವವರೆಗೆ ಹುಳುವನ್ನು ಚಾಕಿ ಕೇಂದ್ರಗಳಲ್ಲಿ ಒಟ್ಟಾಗಿ ಸಾಕಿ, ಬಳಿಕ ತಂಪು ಹೊತ್ತಿನಲ್ಲಿ ರೈತರ ಮನೆಗೆ ತಲುಪಿಸುತ್ತಾರೆ. ಇದರಿಂದ ರೈತನ ಮೊದಲ ದಿನಗಳ ಆತಂಕ ಕಡಿಮೆಯಾಯಿತು. ಸರಪಣಿಯ ಮೊದಲ ಕೊಂಡಿಯಲ್ಲಿ ಆದುದು ಕೊನೆಯ ಕೊಂಡಿಯಲ್ಲಿ ಇನ್ನೂ ಆಗಿಲ್ಲ.

ಅಷ್ಟರವರೆಗೆ ಮುದ್ದೇನಹಳ್ಳಿಯ ಕಡೆಯ ರಾತ್ರಿಗಳು ಹೀಗೆಯೇ ನಡೆಯುತ್ತವೆ. ಮೂರು ಮನೆಯವರು ಸೇರಿ ಒಂದು ಟೆಂಪೊ ಗೊತ್ತುಮಾಡಿಕೊಂಡಿದ್ದಾರೆ ಎಂದಿಟ್ಟುಕೊಳ್ಳಬಹುದು. ಬಾಡಿಗೆ ಮೂರು ಪಾಲು. ಇಬ್ಬರದು ಆರನೆಯ ದಿನದ ಗೂಡು. ಮೂರನೆಯವನ ಹುಳು ಎರಡು ದಿನ ತಡವಾಗಿ ಹಣ್ಣಾದುದರಿಂದ ಅವನದು ನಾಲ್ಕನೆಯ ದಿನದ್ದು. ಅವನು ಒಂದು ಗೂಡನ್ನು ಬ್ಲೇಡಿನಿಂದ ಸೀಳಿ ದೀಪದ ಬೆಳಕಿಗೆ ಹಿಡಿಯುತ್ತಾನೆ. ಕೋಶದ ಬಣ್ಣ ಇನ್ನೂ ತೆಳು; ಬೆರಳು ಸೋಕಿದರೆ ಕುಸಿಯುವ ಮೆದು. ಟೆಂಪೊದವನು ಹಾರನ್ ಒತ್ತುತ್ತಾನೆ. ಮನೆಯ ಹಿರಿಯರು ಸೀಳಿದ ಗೂಡನ್ನು ಕೈಗೆ ತೆಗೆದುಕೊಂಡು ನೋಡಿ, “ಬ್ಯಾಡ ಕಣಪ್ಪಾ, ಇನ್ನೆರಡು ದಿನ ಇರ್ಲಿ” ಎನ್ನುತ್ತಾರೆ. ಎರಡು ಮನೆಯ ಚೀಲಗಳನ್ನಷ್ಟೇ ಹೊತ್ತ ಗಾಡಿ ಚಿಕ್ಕಬಳ್ಳಾಪುರದ ರಸ್ತೆಗೆ ತಿರುಗುತ್ತದೆ. ಬಾಡಿಗೆ ಅಂದು ಎರಡೇ ಪಾಲು.